ನಾನು ಮಲಗುವ ಕಡೆ

ಕ್ಯಾಂಪ್ ಮೈದಾನ, ನದಿಯ ದಂಡೆ
ಬುಧವಾರ, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಬಾಟಲಿ ನೋಡಿಯೇ ಸಮಾಧಾನಪಟ್ಟುಕೊಳ್ಳುತ್ತಿದ್ದೀರಾ? ಮೊನ್ನೆ ಗಾಡಿಯ ಮೆಟ್ಟಿಲಿಳಿಯುವಾಗ ಅತ್ತೆಯ ಕಾಲು ಉಳುಕಿತು, ಅವರು ಗಾಡಿ ಓಡಿಸುವ ಹಾಗಿಲ್ಲದೆ ಇಲ್ಲೇ ನಿಂತಿದ್ದೇವೆ. ನಿಮ್ಮ ತಂಗಿಯಲ್ಲವೇ, ಊದಿದ ಕಾಲನ್ನು ಕುರ್ಚಿ ಮೇಲಿಟ್ಟುಕೊಂಡು ನನ್ನ ಮೇಲೆ ದರ್ಬಾರು ನಡೆಸುತ್ತಿದ್ದಾರೆ.

ಇವತ್ತು ಬೆಳಿಗ್ಗೆ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ನಮ್ಮ ಕ್ಯಾಂಪರ್ ವ್ಯಾನಿನ ಮೈಯೆಲ್ಲ ಧೂಳು. ನಾನು ಮಲಗುವ ಕಡೆಯ ಕಿಟಕಿಯಲ್ಲಿ ಮಾತ್ರ, ಹೊರಗಿನಿಂದ, ಅಂಗೈಯಗಲ ಜಾಗ ಒರೆಸಿ ಸ್ವಚ್ಛವಾಗಿತ್ತು. ಅತ್ತೆಗೆ ತೋರಿಸಿದೆ. "ಬೆಕ್ಕು ಮೈ ಉಜ್ಜಿರುತ್ತೆ ಕಣೇ. ಕಥೆ ಓದಿ ಓದಿ ನಿನಗೆ ಎಲ್ಲರೂ ಕಳ್ಳರ ಹಾಗೇ ಕಾಣ್ತಾರೆ" ಅಂದರು. ಅಷ್ಟೆತ್ತರದ ಬೆಕ್ಕನ್ನು ನಾನಂತೂ ನೋಡಿಲ್ಲ.

ಇಲ್ಲಿನ ವಾಚ್‌ಮನ್‌ಗೆ ನೀವೇ ಫೋನ್ ಮಾಡಿ "ನನ್ನ ಮಗಳ ಮೇಲೆ ಒಂದು ಕಣ್ಣಿಟ್ಟಿರಿ" ಅಂದಿರಂತೆ. ಆ ಮಾತನ್ನು ಅವರು ತುಂಬಾ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ನಲ್ಲಿಗೆ ಹೋದರೆ ಅಲ್ಲಿರುತ್ತಾರೆ, ಬಟ್ಟೆ ಒಣಹಾಕಿದರೆ ಹಗ್ಗದ ಆಚೆ. ನಾನು ಒಂದು ಹೆಜ್ಜೆ ಹಿಂದೆ ಸರಿದರೆ ಅವರು ಒಂದು ಹೆಜ್ಜೆ ಮುಂದೆ. ನಿನ್ನೆ ನಗುತ್ತಾ, "ಎಡಗಡೆ ಮಲಗ್ತೀಯಲ್ಲಮ್ಮ, ಆ ಕಡೆ ಗಾಳಿ ಜಾಸ್ತಿ, ಚೆನ್ನಾಗಿ ಹೊದ್ಕೋ" ಅಂದರು. ಅಪ್ಪಾ, ನಾನು ಯಾವ ಕಡೆ ಮಲಗುತ್ತೇನೆಂದು ನೀವು ಹೇಳಿದ್ದಿರಾ? ಅತ್ತೆ ಹೇಳಿಲ್ಲವಂತೆ.

ಹೊರಡುವಾಗ ಸೀಟಿನ ಕೆಳಗೆ ಕಬ್ಬಿಣದ ರಾಡ್ ಇಟ್ಟು, "ಗಾಡಿಯೂ ಮನೆಯೇ. ಬಾಗಿಲು ದಾಟಿ ನಿನ್ನ ಮೈಮೇಲೆ ಬಂದರೆ ಬಾರಿಸು, ಕಾನೂನು ನಿನ್ನ ಕಡೆ" ಅಂದಿರಿ. ಅವರು ಬಾಗಿಲು ದಾಟಿಲ್ಲವಲ್ಲ. ಕಿಟಕಿಗೆ ಮುಖವಿಟ್ಟವರನ್ನು ಏನು ಮಾಡಬೇಕೆಂದು ನೀವು ಹೇಳಲಿಲ್ಲ. ಒಳಗೆ ಬರುವವರೆಗೆ ಕಾಯುತ್ತಾ ಕೂರುವುದು ನನ್ನ ಹಕ್ಕೋ, ನನಗೆ ಶಿಕ್ಷೆಯೋ ತಿಳಿಯುತ್ತಿಲ್ಲ. ಅವರು ನಿಜಕ್ಕೂ ಒಳ್ಳೆಯವರಾಗಿದ್ದರೆ? ಅದನ್ನೂ ಯೋಚಿಸಿದೆ. ಒಳ್ಳೆಯವರು ಕಿಟಕಿ ಒರೆಸಿದರೆ ಪೂರ್ತಿ ಒರೆಸುತ್ತಾರೆ.

ಅಮ್ಮನಿಗೆ ನನ್ನ ನೆನಪು ಹೇಳಿ. ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡಿ.

ನಿಮ್ಮ
ಗುಬ್ಬಿ

ಮರೆತಿದ್ದೆ: ಫೋನ್ ಸಿಗ್ನಲ್ ಸಿಗುವುದು ವಾಚ್‌ಮನ್ ಕೋಣೆಯ ಮುಂದೆ ಮಾತ್ರ, ಅದಕ್ಕೇ ಈ ಪತ್ರ. ಇಲ್ಲಿ ಅಂಚೆಗೆ ಹಾಕಲು ಒಯ್ಯುವವರೂ ಅವರೇ. ಇದನ್ನು ಅವರ ಕೈಗೆ ಕೊಡುವುದಿಲ್ಲ. ಊಟವಾದ ಮೇಲೆ ಗಾಡಿ ತೆಗೆಯುತ್ತೇನೆ. ಹೌದು, ನಾನೇ, ನಮ್ಮ ಬೀದಿಯ ತುದಿ ದಾಟಿ ಓಡಿಸದವಳು. ಅತ್ತೆಗೆ ಇನ್ನೂ ಹೇಳಿಲ್ಲ. ಮುಂದಿನ ಪಟ್ಟಣದಲ್ಲಿ ಇದನ್ನು ಅಂಚೆ ಡಬ್ಬಕ್ಕೆ ಹಾಕುತ್ತೇನೆ. ವಾಚ್‌ಮನ್ ನಿಮಗೆ ಫೋನ್ ಮಾಡಿ ನಾವೆಲ್ಲಿ ಎಂದು ಕಾಳಜಿಯಿಂದ ಕೇಳಬಹುದು, ನೀವೂ ಅಷ್ಟೇ ಕಾಳಜಿಯಿಂದ ಹೇಳಿಬಿಡುತ್ತೀರಿ. ಎಲ್ಲಿ ನಿಲ್ಲಿಸುತ್ತೇನೆಂದು ಈ ಸಲ ನಿಮಗೂ ಹೇಳುವುದಿಲ್ಲ, ಅಪ್ಪಾ.