ಬತೂಲಳ ಬೆನ್ನಿನ ಪಟ್ಟಿ

ಸೆಫ್ರು,
ಆಗಸ್ಟ್ ೩, ಬೆಳಿಗ್ಗೆ

ಪ್ರೀತಿಯ ಮಗನೇ ಅಲ್ಲಾಲ್,

ಹೇಗಿದ್ದೀಯಪ್ಪಾ? ಸ್ಪೇನಿನ ಆ ಪ್ಲಾಸ್ಟಿಕ್ ಗುಡಾರಗಳೊಳಗೆ ಟೊಮೆಟೊ ಕೀಳುತ್ತಾ ಕೆಮ್ಮು ಹತ್ತಿಸಿಕೊಂಡಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಜೀರಿಗೆ ಕುದಿಸಿ ಕುಡಿ ಎಂದರೆ ಕೇಳುವವನಲ್ಲ ನೀನು. ನಾನು ಇದ್ದೇನೆ, ನನ್ನ ಮೊಣಕಾಲು ನೋವೂ ಇದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಮಸೀದಿಯ ತರಗತಿಯಲ್ಲಿ ಎರಡು ವರ್ಷ ಹೆಣಗಿ ಕಲಿತ ಮೇಲೆ ನಾನೇ ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಬತೂಲ್ ಕೂತಿರುತ್ತಾಳೆ. ನಿನ್ನ ಹೆಂಡತಿಯ ಕಿವಿ ತಪ್ಪಿಸಿ ಈ ಮನೆಯಲ್ಲಿ ಸೀನುವುದಕ್ಕೂ ಆಗುವುದಿಲ್ಲ.

ಸುತ್ತಿ ಬಳಸಿ ಹೇಳುವುದು ಬೇಡ. ಬತೂಲ್ ಬಸುರಿ. ಎರಡು ತಿಂಗಳು. ನಿನಗೆ ಹೇಳಬೇಡಿ ಎಂದು ನನ್ನ ಕೈ ಹಿಡಿದುಕೊಂಡಿದ್ದಾಳೆ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಉರಿದುಬಿದ್ದಳು: "ಹೊಟ್ಟೆ ಕುಯ್ದು ಇನ್ನೂ ಒಂಬತ್ತು ತಿಂಗಳಾಗಿಲ್ಲ. ರಕ್ತ ಹೋಗಿ ಸಾಯೋಳು ಹೇಗೋ ಬದುಕಿದ್ದು. ಎರಡು ವರ್ಷ ಬೇಡ ಅಂತ ಹೇಳಿರ್ಲಿಲ್ವಾ? ಹೊಲಿಗೆ ಬಿಟ್ಕೊಂಡ್ರೆ ಏನ್ರಮ್ಮಾ ಗತಿ?" ಹೇಳಿದ್ದು ಬತೂಲಳಿಗೆ, ನೋಡಿದ್ದು ನನ್ನನ್ನು. ನಾನು ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಾ ನಿಂತೆ.

ನೀನು ಅಲ್ಲಿಂದ ಕಳಿಸುತ್ತಿದ್ದೆಯಲ್ಲ, ಮೈಗೆ ಅಂಟಿಸಿಕೊಳ್ಳುವ ಪಟ್ಟಿ, ವಾರಕ್ಕೊಂದು ಬದಲಿಸುವುದು, ಮಕ್ಕಳಾಗದ ಹಾಗೆ ತಡೆಯುವುದು. ಗಂಡ ಹೆಂಡತಿ ಇಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿರಿ. "ಅತ್ತೆ, ಇದು ಬೆನ್ನು ನೋವಿಗೆ" ಎಂದಳು ಅವಳು. ಮೊಮ್ಮಗ ಮೊಮ್ಮಗ ಎಂದು ನಾನು ಬೆಳಗಾದರೆ ಬಡಕೊಳ್ಳುತ್ತಿದ್ದೆ, ಹೆದರಿದ್ದಾಳೆ, ಒಪ್ಪಿದೆ. ಆದರೆ ಗುರುವಾರ ಗುರುವಾರ ಹಮಾಮಿನಲ್ಲಿ ಸೊಸೆಯ ಬೆನ್ನು ಉಜ್ಜುವವಳು ಯಾರು? ನಾನೇ ತಾನೇ? ಕರಿ ಸಾಬೂನು ಹಚ್ಚಿ, ಒರಟು ಕೈಗವಸು ಹಾಕಿಕೊಂಡು ನಾನು ಉಜ್ಜಿದರೆ ಸತ್ತ ಚರ್ಮವೆಲ್ಲ ಸುರುಳಿಯಾಗಿ ಬೀಳಬೇಕು. ಒಂದು ಗುರುವಾರ ಭುಜದ ಕೆಳಗೆ ಅಂಚು ಕಪ್ಪಾದ ಪಟ್ಟಿ ಕಂಡಿತು. "ಇಷ್ಟು ಬಿಸಿನೀರು ಬಿದ್ದ ಮೇಲೂ ನೋವು ಇರತ್ತೇನೇ, ಯಾಕೀ ಕೊಳಕು?" ಎಂದು ಕಿತ್ತು ಮೋರಿಗೆ ಎಸೆದೆ. ಅವಳು ತಲೆಗೆ ಒಂದು ತಂಬಿಗೆ ನೀರು ಸುರಿದುಕೊಂಡಳು. ಅವತ್ತು ಮನೆಗೆ ಬಂದು ಬೇರೆಯದು ಹಚ್ಚಿಕೊಂಡಳಂತೆ.

ಹಬ್ಬಕ್ಕೆ ಮುಂಚಿನ ಗುರುವಾರ ಮತ್ತೆ ಹಾಗೇ ಆಯಿತು. ನೋವಿನದೆಂದೇ ಅದನ್ನೂ ಉಜ್ಜಿ ತೆಗೆದೆ. ಅದೇ ಅವಳ ಕೊನೆಯದು. ಹೊಸದು ನಿನ್ನ ಚೀಲದಲ್ಲಿತ್ತು, ನೀನು ಬಂದದ್ದು ಶನಿವಾರ. ಬಂದ ಕೂಡಲೇ ಹಚ್ಚಿಕೊಂಡಳು, ಸರಿಹೋಯಿತು ಎಂದುಕೊಂಡಳು. ಒಂದು ದಿನಕ್ಕಿಂತ ಹೆಚ್ಚು ಬಿಟ್ಟುಹೋದರೆ ಆಮೇಲೆ ಏಳು ದಿನ ಬೇರೆ ಎಚ್ಚರಿಕೆ ಬೇಕಂತೆ. ನರ್ಸ್ ಈಗ ಹೇಳುತ್ತಾಳೆ. ನೀನಿದ್ದದ್ದೇ ಎಂಟು ದಿನ.

ನನಗೆ ಹೆದರಿಕೆಯಾಗಿದೆ ಮಗನೇ. ನವೆಂಬರಿನಲ್ಲಿ ನಿನ್ನ ಮಗುವನ್ನು ತೊಳೆದು ಬಿಳಿ ಬಟ್ಟೆ ಸುತ್ತಿದ್ದು ಈ ಕೈ. ಕಿವಿ ನಿನ್ನದೇ, ಮಡಚಿದ ತುದಿ. ಹುಟ್ಟಿದಾಗ ಅಳದೇ ಹೋದವನು ಆಮೇಲೆ ಅಳಲು ಶುರುಮಾಡಿದ. ಹಮಾಮಿನ ಹಬೆಯಲ್ಲಿ, ಹಿಟ್ಟು ನಾದುವಾಗ, ನಮಾಜಿಗೆ ಬಗ್ಗಿದಾಗ. ಹಬ್ಬ ಕಳೆದ ಮೇಲೆ ಅದು ನಿಂತಿತು. ಈಗ ಬತೂಲಳ ದನಿ ಕೇಳುತ್ತದೆ, ಅತ್ತೆ ಅತ್ತೆ ಎಂದು. ಓಡಿಹೋಗಿ ನೋಡಿದರೆ ಅವಳು ಸುಮ್ಮನೆ ಬಟಾಣಿ ಸುಲಿಯುತ್ತಾ ಕೂತಿರುತ್ತಾಳೆ.

ರಜೆ ಕೊಡಲಿ ಬಿಡಲಿ, ಹೊರಟು ಬಾ. ಫೆಸ್‌ನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಅವಳ ಜೀವ ಉಳಿಯುವುದಕ್ಕೆ ಡಾಕ್ಟರು ಏನು ಹೇಳುತ್ತಾರೋ ಅದೇ ಆಗಲಿ, ನಾನು ಅಡ್ಡ ಬರುವುದಿಲ್ಲ. ಅವಳನ್ನು ಒಂದು ಮಾತೂ ಅನ್ನಬೇಡ.

ದೇವರು ನಿನ್ನ ದಾರಿಯ ಕಲ್ಲುಮುಳ್ಳು ತೆಗೆಯಲಿ, ನನ್ನ ಹಾಲಿನ ಋಣ ನಿನಗೆ ಮಾಫಿ.

ನಿನ್ನ ತಾಯಿ,
ರುಕಿಯಾ

ತಾ.ಕ.: ಈ ಕಾಗದ ಒಯ್ಯುವ ಸ್ಪೇನಿನ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೊದಲ ಸಲ ನನಗೆ ಗೊತ್ತಿರಲಿಲ್ಲ, ದೇವರಾಣೆ. ಆದರೆ ಅವತ್ತೇ ಹಮಾಮಿನಲ್ಲಿ ಬಟ್ಟೆ ಕಾಯುವ ಮಬಾರ್ಕಾ ನನ್ನ ತಡೆದು, "ಅದು ನೋವಿಗಲ್ಲ ಕಣೇ ಪೆದ್ದಿ, ನನ್ನ ಮಗಳೂ ಹಚ್ಕೋತಾಳೆ, ಮಕ್ಕಳಾಗ್ದೇ ಇರೋದಕ್ಕೆ" ಎಂದಿದ್ದಳು. ಹಬ್ಬಕ್ಕೆ ಮುಂಚೆ ಗೊತ್ತಿದ್ದೇ ಉಜ್ಜಿದೆ. ನೀನು ಶನಿವಾರ ಬರುತ್ತೀಯೆಂದೂ ಗೊತ್ತಿತ್ತು. ಅಳುತ್ತಿದ್ದವನು ವಾಪಸ್ ಬರಲಿ ಎಂದು. ಡಾಕ್ಟರಮ್ಮ ನನ್ನನ್ನು ದುರುಗುಟ್ಟಿ ನೋಡಿದಾಗ ಬತೂಲ್ ನನ್ನ ಮುಂದೆ ಬಂದು ನಿಂತು, "ಪಾಪ ನಮ್ಮತ್ತೆ, ಅವರಿಗೇನೂ ಗೊತ್ತಿಲ್ಲ, ಬೈಬೇಡಿ" ಎಂದಳು.