ಅಕ್ಕನ ಸೈಕಲ್ಲಿನ ಮುಂದಿನ ಚಕ್ರ

ಫೆಬ್ರವರಿ 4, ಬೆಳಗ್ಗೆ 7.30

ಚೈನಿಗೆ ಎಣ್ಣೆ, ಚಕ್ರಕ್ಕೆ ಗಾಳಿ, ಕಾಲುವೆ ಪಕ್ಕದ ಜಲ್ಲಿ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್. ಒಬ್ಬಳೇ. ಎಂದಿನಂತೆ.

ವಾಪಸ್ ಬಂದರೆ ಅಕ್ಕನ ಮೆಸೇಜ್. ಮಾರ್ಚ್ ಒಂದಕ್ಕೆ ಅರವತ್ತು ಕಿಲೋಮೀಟರ್ ಜಲ್ಲಿ ರೈಡ್ ಇದೆಯಂತೆ, ಇಬ್ಬರ ಹೆಸರೂ ಕೊಟ್ಟಾಗಿದೆಯಂತೆ. ವರ್ಷದಿಂದ ಸೈಕಲ್ ಮುಟ್ಟದವಳು! ಕೆಳಗೆ ಇನ್ನೊಂದು ಸಾಲು — "ಟೈರ್ ನೀನೇ ನೋಡ್ಕೋ. ನಿನ್ನ ಕೈ ಮೇಲೆ ನಂಗೆ ನಂಬಿಕೆ."

ಕಾಫಿಯನ್ನು ಸಿಂಕಿಗೆ ಸುರಿದೆ.

ಫೆಬ್ರವರಿ 6, ಲ್ಯಾಬ್, ಊಟದ ಹೊತ್ತು

ಮೂರು ಸೆಟ್ ಕಟ್ಟು ಹಲ್ಲು ಮುಗಿಸಿದೆ. ನಾಲ್ಕನೆಯದರ ಪ್ಲಾಸ್ಟರ್ ಗಟ್ಟಿಯಾಗಬೇಕು. ಇಪ್ಪತ್ತು ನಿಮಿಷ ಇದೆ. ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರು.

ಹೋದ ವರ್ಷ ಇಳಿಜಾರಿನಲ್ಲಿ ಅಕ್ಕನ ಮುಂದಿನ ಟ್ಯೂಬ್ ಒಡೆಯಿತು. ಬಿದ್ದಳು. ಹೆಗಲ ಮೂಳೆ ಮುರಿಯಿತು. ಆ ಟ್ಯೂಬ್ ಹಾಕಿದವಳು ನಾನು. ಹಾಕಿದ ಮೇಲೆ ಟೈರಿನ ಸುತ್ತ ಬೆರಳಾಡಿಸಿ, ಟ್ಯೂಬ್ ಎಲ್ಲೂ ಟೈರಿನ ಅಂಚಿಗೆ ಸಿಕ್ಕಿಲ್ಲವೆಂದು ನೋಡಬೇಕು. ಅವತ್ತು ಫೋನ್ ಬಂತು. ನೋಡಲಿಲ್ಲ. ಆಮೇಲೆ ಬಿಚ್ಚಿದರೆ ಟ್ಯೂಬಿನಲ್ಲಿ ಅಂಚು ಕಚ್ಚಿದ ಉದ್ದಕ್ಕೂ ಸೀಳು. ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡೆ.

ಮೂಳೆ ಮೂರು ತಿಂಗಳಲ್ಲಿ ಕೂಡಿತು. ಆದರೆ ಅಕ್ಕ, ಟ್ಯೂಬ್ ಒಡೆದದ್ದು ಬಿದ್ದ ಪೆಟ್ಟಿಗೆ, ತಾನು ಬ್ರೇಕ್ ಹಿಡಿದದ್ದೇ ತಪ್ಪಾಯಿತು ಎಂದು ತಲೆಗೆ ಹಚ್ಚಿಕೊಂಡಳು. ಹತ್ತೊಂಬತ್ತು ವರ್ಷ ಸ್ಕೂಲ್ ಬಸ್ ಓಡಿಸಿದವಳು! ಕೈಯ ಹದ ಹೋಗಿದೆ, ಮಕ್ಕಳಿರುವ ಗಾಡಿ ಬೇಡ ಎಂದು ಬರೆದುಕೊಟ್ಟಳು. ಈಗ ಡಿಪೋ ಕಿಟಕಿಯ ಹಿಂದೆ ಕೂತು ಬೇರೆಯವರಿಗೆ ಬಸ್ಸಿನ ಕೀ ಕೊಡುತ್ತಾಳೆ.

ಹೇಳಬಹುದಿತ್ತು. ಕೂದಲೆಳೆಯಷ್ಟೂ ತಪ್ಪದ ಕೈ ಎಂದು ಇಡೀ ಲ್ಯಾಬ್ ಹೊಗಳುತ್ತದೆ. ಆ ಹೊಗಳಿಕೆ ನನ್ನ ಬಾಯಿ ಹೊಲಿದುಬಿಟ್ಟಿತು. ಹೇಡಿ ನಾನು.

ಪ್ಲಾಸ್ಟರ್ ಗಟ್ಟಿಯಾಗಿದೆ.

ಫೆಬ್ರವರಿ 9, ಸಂಜೆ

ಗಾಳಿ ಮೇಷ್ಟ್ರ ಅಂಗಡಿ. ಸೈಕಲ್ ಅಂಗಡಿಯವರಿಗೆ ನಾವೆಲ್ಲ ಇಟ್ಟ ಹೆಸರು. ಗಾಳಿ ಹಾಕಿಸಲು ಹೋದರೂ ಅರ್ಧ ಗಂಟೆ ಪಾಠ.

ಇವತ್ತಿನ ಪಾಠ: ಟ್ಯೂಬ್ ಸರಳ, ತೂತಾದರೆ ಬದಲಾಯಿಸಿ ಹೊರಡಬಹುದು. ಆದರೆ ಜಲ್ಲಿಗೆ ಗಾಳಿ ಕಡಿಮೆ ಇದ್ದರೇ ಹಿಡಿತ, ಕಡಿಮೆ ಮಾಡಿದರೆ ಟ್ಯೂಬ್ ಕಲ್ಲಿಗೂ ರಿಮ್ಮಿಗೂ ಸಿಕ್ಕಿ ಅಪ್ಪಚ್ಚಿ. ಟ್ಯೂಬ್‌ಲೆಸ್‌ನಲ್ಲಿ ಆ ತಾಪತ್ರಯವಿಲ್ಲ, ಮುಳ್ಳು ಚುಚ್ಚಿದರೂ ಒಳಗೆ ಸುರಿದ ಸೀಲಂಟ್ ದ್ರವ ತಾನೇ ತೂತು ಮುಚ್ಚುತ್ತದೆ. ಬದಲಿಗೆ ರಗಳೆ ಜಾಸ್ತಿ — ರಿಮ್ಮಿನ ಸುತ್ತ ಟೇಪು, ಅಂಟು, ಕೆಲವು ತಿಂಗಳಿಗೊಮ್ಮೆ ಹೊಸ ಸೀಲಂಟ್.

ನನಗೆ ಒಂದೇ ಮಾತು ಕೇಳಿಸಿತು. ಟ್ಯೂಬೇ ಇಲ್ಲದಿದ್ದರೆ ಅಂಚಿಗೆ ಸಿಕ್ಕುವುದೇನು? ಅಕ್ಕನ ಚಕ್ರಕ್ಕೆ ಟ್ಯೂಬ್‌ಲೆಸ್ ಎಂದುಬಿಟ್ಟೆ. ಮೇಷ್ಟ್ರು ಮುಖ ನೋಡಿದರು.

"ಬ್ಯಾಗಲ್ಲಿ ಒಂದು ಟ್ಯೂಬ್ ಇಟ್ಕೊಳ್ಳಿ ಮೇಡಂ. ದೊಡ್ಡ ಸೀಳಾದ್ರೆ ಕೊನೆಗೆ ಅದೇ ಗತಿ."

ಇಟ್ಟುಕೊಂಡೆ. ಒಲ್ಲದ ಮನಸ್ಸಿನಿಂದ.

ಫೆಬ್ರವರಿ 15

ಬಚ್ಚಲಲ್ಲಿ ಎರಡು ಗಂಟೆ. ಸೀಲಂಟ್ ಗೋಡೆಗೆ, ಚಪ್ಪಲಿಗೆ, ಹುಬ್ಬಿಗೆ. ಟೈರ್ ಪಟ್ ಪಟ್ ಎಂದು ರಿಮ್ಮಿಗೆ ಕೂತಾಗ ಜೀವ ಬಾಯಿಗೆ ಬಂತು. ಅಕ್ಕ ಚಕ್ರ ಹಿಡಿದುಕೊಂಡು ನಗುತ್ತಿದ್ದಳು. ಈಗ ಹೇಳಿಬಿಡೋಣ ಎನಿಸಿತು... ಗೋಡೆ ಒರೆಸತೊಡಗಿದೆ.

ಮಾರ್ಚ್ 1, ಸಂಜೆ 5

ಮೈಯೆಲ್ಲ ನೋವು. ಆದರೂ ಬರೆಯಬೇಕು.

ನಲವತ್ತೊಂದನೇ ಕಿಲೋಮೀಟರ್‌ವರೆಗೆ ಹಿತವಾದ ಬಿಸಿಲು, ಸುಖದ ದಾರಿ. ಇಳಿಜಾರು ಬಂದಲ್ಲೆಲ್ಲ ಅಕ್ಕ ಇಳಿದು ಸೈಕಲ್ ತಳ್ಳಿದಳು. ನೋಡಲಾಗಲಿಲ್ಲ ನನಗೆ. ಆಮೇಲೆ ಚೂಪು ಕಲ್ಲೊಂದು ಅವಳ ಮುಂದಿನ ಟೈರಿನ ಪಕ್ಕೆ ಸೀಳಿತು. ಸೀಲಂಟ್ ಹಾಲಿನ ಹಾಗೆ ಚಿಮ್ಮಿತು, ನಿಲ್ಲಲೇ ಇಲ್ಲ. ತೂತು ಮುಚ್ಚುವ ರಬ್ಬರ್ ಎಳೆ ತುರುಕಿದೆ. ಉಗುಳಿತು.

ಉಳಿದದ್ದು ಬ್ಯಾಗಿನ ಟ್ಯೂಬ್. ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿದೆ, ಟ್ಯೂಬ್ ಹೊರಗೆ ಉಬ್ಬದಂತೆ ಸೀಳಿನ ಒಳಗೆ ಬಿಸ್ಕತ್ತಿನ ಕವರ್ ಮಡಿಸಿ ಇಟ್ಟೆ. ಟ್ಯೂಬ್ ಕೈಗೆತ್ತಿಕೊಂಡೆ. ಟೈರ್ ಎಬ್ಬಿಸುವ ಲಿವರ್ ಎರಡು ಸಲ ಕೈಯಿಂದ ಜಾರಿತು.

ಏನಾಯ್ತು ಎಂದಳು ಅಕ್ಕ. ಹೇಳಿದೆ. ಫೋನ್, ನೋಡದೆ ಬಿಟ್ಟದ್ದು, ಸೀಳು, ಕಸದ ಬುಟ್ಟಿ — ಎಲ್ಲ. ತಲೆ ಎತ್ತಲಿಲ್ಲ.

ಅಕ್ಕ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಕೈಗವಸು ಬಿಚ್ಚಿದಳು. ತನ್ನ ಎರಡೂ ಅಂಗೈ ನೋಡಿಕೊಂಡಳು, ಬಹಳ ಹೊತ್ತು.

"ಅಂದ್ರೆ ನಾನು ಬ್ರೇಕ್ ಸರಿಯಾಗೇ ಹಿಡಿದಿದ್ದೆ?"

"ಹೂಂ ಅಕ್ಕ. ನೀನು ಸರಿಯಾಗೇ ಹಿಡಿದಿದ್ದೆ."

"ಒಂದು ವರ್ಷ ಕಣೆ. ಒಂದು ವರ್ಷ ಈ ಕೈಗೆ ಬೈದಿದೀನಿ."

ಅತ್ತಳು. ನಾನೂ. ಹಿಂದಿನಿಂದ ಬಂದ ಇಬ್ಬರು ಪಂಪ್ ಬೇಕೇ ಎಂದು ಕೇಳಿದರು, ಬೇಡವೆಂದು ಕೈ ಆಡಿಸಿದೆ. ಕೊಡು, ನಾನೇ ಹಾಕುತ್ತೇನೆ ಎನ್ನುತ್ತಾಳೆಂದು ಕಾದೆ. ಅವಳು ಟ್ಯೂಬ್ ಎತ್ತಿ ನನ್ನ ಮಡಿಲಿಗೆ ಹಾಕಿದಳು.

"ನೀನೇ ಹಾಕು. ಸುತ್ತ ನೋಡು."

ಎರಡು ಸುತ್ತು ಬೆರಳಾಡಿಸಿದೆ. ಮೂರನೇ ಸುತ್ತು ಅವಳು.

ಐದು ಕಿಲೋಮೀಟರ್ ಅವಳು ಒಂದೇ ಸಮ ತುಳಿದಳು. ಸಿಟ್ಟು ಬೆನ್ನಿನಲ್ಲೇ ಕಾಣುತ್ತಿತ್ತು. ಆದರೆ ಕೊನೆಯ ಇಳಿಜಾರಿನಲ್ಲಿ ಅವಳು ಇಳಿಯಲಿಲ್ಲ. ನನಗಿಂತ ಮುಂದೆ ಹೋದಳು, ಎಲ್ಲಿ ಬೇಕೋ ಅಲ್ಲಷ್ಟೇ ಬ್ರೇಕ್ ಹಿಡಿಯುತ್ತ. ಹಿಂದಿನಿಂದ ನೋಡುತ್ತ ನನ್ನ ಎದೆ ಹಗುರಾಯಿತು. ಮುಗಿಸಿದವರಲ್ಲಿ ನಾವೇ ಕೊನೆ. ಚಪ್ಪಾಳೆ ತಟ್ಟಲೂ ಯಾರೂ ಉಳಿದಿರಲಿಲ್ಲ.

ಮಾರ್ಚ್ 5

ಅಕ್ಕನ ಫೋನ್ ಇಲ್ಲ. ನಾನೂ ಮಾಡಿಲ್ಲ. ಬೈಯಲಿ, ಬೈಯುವಷ್ಟು ಬೈಯಲಿ.

ಮಾರ್ಚ್ 11, ಮಧ್ಯಾಹ್ನ

ಫೋನ್ ಬಂತು. ಹತ್ತು ನಿಮಿಷ ಸರಿಯಾಗಿ ಝಾಡಿಸಿದಳು. ಎಲ್ಲಕ್ಕೂ ಹೂಂಗುಟ್ಟಿದೆ. ಬೈಸಿಕೊಂಡು ಇಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ. ಕೊನೆಗೆ, ಮತ್ತೆ ಬಸ್ ಓಡಿಸುತ್ತೇನೆಂದು ಡಿಪೋದಲ್ಲಿ ಕೇಳಿದ್ದಾಳಂತೆ, ಮೂರು ದಿನ ಖಾಲಿ ಬಸ್ಸಿನಲ್ಲಿ ಟ್ರಯಲ್ ಕೊಟ್ಟಿದ್ದಾರಂತೆ.

ಹೊಸ ಟೈರಿಗೆ ಏನು ಹಾಕಲಿ ಎಂದು ಕೇಳಿದೆ.

"ಟ್ಯೂಬೋ, ಟ್ಯೂಬ್‌ಲೆಸ್ಸೋ, ನಿನ್ನಿಷ್ಟ. ತಪ್ಪಾದ್ರೆ ಮಾತ್ರ ಅವತ್ತೇ ಹೇಳು."

ಮಾರ್ಚ್ 17, ಬೆಳಗ್ಗೆ 6.50

ಅಕ್ಕನ ಮುಂದಿನ ಚಕ್ರ ತೊಡೆಯ ಮೇಲಿದೆ. ಟ್ಯೂಬ್‌ಲೆಸ್ಸೇ. ಅಂಚು ಎರಡು ಸುತ್ತು ನೋಡಿದೆ, ಒಂದು ಕಡೆ ಟೇಪ್ ಮಡಚಿಕೊಂಡಿದೆ. ಬಿಚ್ಚಿ ಮತ್ತೆ ಹಾಕಬೇಕು, ಅವಳಿಗೂ ಹೇಳಬೇಕು. ಟ್ರಯಲ್ ಪಾಸಾಗಿ ಇವತ್ತಿಂದ ಮಕ್ಕಳಿರುವ ಬಸ್ ಅವಳಿಗೆ. ನಮ್ಮ ಬೀದಿ ಅವಳ ದಾರಿಯಲ್ಲ, ಬರುವುದಿಲ್ಲ, ಆದರೂ ಆಗಿನಿಂದ ಕಿವಿ ಅತ್ತಲೇ...

ಹಾರ್ನ್. ದೊಡ್ಡ ಗಾಡಿಯದು. ಎರಡು ಸಲ. ಮಕ್ಕಳ ಗಲಾಟೆ ಬೇರೆ —