ಕೆರೆದಂಡೆಯ ಗೌರಿ ಹೂ

ಧಾರವಾಡ, ಏಳನೆಯ ಅಂತಸ್ತು
ಭಾದ್ರಪದ ಶುದ್ಧ ಬಿದಿಗೆ, ಕ್ರಿ.ಶ. ೨೧೮೭

ಹಿರಿಯವ್ವನವರಿಗೆ, ಇರಾವತಿಯ ಶರಣು.

ಮೇಲಿನ ಇಸವಿಯನ್ನು ನೋಡಿ ಕೈತಪ್ಪಿ ಬರೆದದ್ದೆಂದು ತಿಳಿಯಬೇಡಿ. ನೀವು ಕಣ್ಣುಮುಚ್ಚಿ ಎಷ್ಟೋ ತಲೆಮಾರುಗಳ ಮೇಲೆ ಹುಟ್ಟಿದವಳು ನಾನು. ನಿಮ್ಮ ಹೆಸರು ನಮ್ಮವರೆಗೆ ಉಳಿದು ಬಂದಿಲ್ಲ, ಅದಕ್ಕೇ ಹಿರಿಯವ್ವ ಎನ್ನುತ್ತಿದ್ದೇನೆ. ನಮ್ಮ ಮಾತಿನಲ್ಲಿ ನಿಮಗೆ ಒಗ್ಗದ ಕೆಲವು ಪದಗಳು ಬರುತ್ತವೆ. ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ವಿಷಯವಾಗಿ ಅವ್ವ ನಮಗೆ ಹೇಳಿದ್ದು ಇಷ್ಟೇ: ರಸ್ತೆ ಅಗಲ ಮಾಡುವವರು ಬೇಲಿಯನ್ನು ಕೆಡವುತ್ತಿದ್ದಾಗ ನಮ್ಮ ವಂಶದ ಹೆಣ್ಣುಮಗಳೊಬ್ಬಳು ಅದರ ಬುಡದಿಂದ ಗೌರಿ ಹೂವಿನ ಗಡ್ಡೆಯೊಂದನ್ನು ಕಿತ್ತು, ಕೈಚೀಲದಲ್ಲಿ ತಂದು, ಹಿತ್ತಲ ಮಣ್ಣಿನಲ್ಲಿ ಹಚ್ಚಿದಳು. ಆ ಗಡ್ಡೆಯ ಸಂತತಿ ತಾಯಿಯಿಂದ ಮಗಳಿಗೆ ಇಳಿಯುತ್ತಾ ಬಂದು ನಮ್ಮ ಅವ್ವನ ಕೈಸೇರಿತ್ತು.

ನಮಗೆ ಹಿತ್ತಲಿಲ್ಲ. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಮನೆಗಳಲ್ಲಿ ಪ್ರತಿಯೊಂದಕ್ಕೂ ಮುಂದೆ ಚಾಚಿಕೊಂಡ ಒಂದು ಚಾಚುಗಟ್ಟೆ, ಅದರ ತುಂಬ ಮಣ್ಣು. ಕೂಸನ್ನು ಕೂರಿಸಿಕೊಂಡ ಮಡಿಲಿನ ಹಾಗೆ ಕಾಣುವುದರಿಂದ ಅದನ್ನು ಮಡಿಲಂಗಳ ಎನ್ನುತ್ತೇವೆ. ಎಲ್ಲರೂ ಅಲ್ಲಿ ಸೊಪ್ಪು, ಮೆಣಸಿನಕಾಯಿ ಬೆಳೆದರೆ ನಮ್ಮವ್ವ ಒಂದು ಮೂಲೆಯನ್ನು ಗೌರಿ ಬಳ್ಳಿಗೇ ಬಿಟ್ಟಿದ್ದಳು. ಮೊದಲ ಮಳೆಗೆ ಮೊಳಕೆ ಮೇಲೆದ್ದು, ಎಲೆಯ ತುದಿಯನ್ನೇ ಬೆರಳಿನಂತೆ ಸುತ್ತಿ ಕಂಬಿ ಹಿಡಿದು ಏರುತ್ತಿತ್ತು. ಮೊಗ್ಗು ತಲೆ ತಗ್ಗಿಸಿಕೊಂಡು ಬಂದು, ಅರಳುವಾಗ ಎಸಳುಗಳನ್ನು ಮಾತ್ರ ಹಿಂದಕ್ಕೆ ಎತ್ತುತ್ತಿತ್ತು. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕೆಂಪು, ಕೊನೆಗೆ ಒಲೆಯ ಕೆಂಡದ ಬಣ್ಣ. ಗೌರಿ ಹಬ್ಬದ ಮುಂಜಾನೆ ನಮ್ಮ ಅಂತಸ್ತಿನ ಹೆಂಗಸರೆಲ್ಲ ತಲೆಗೆ ಎರೆದುಕೊಂಡು, ಒದ್ದೆ ಕೂದಲಲ್ಲೇ ತಟ್ಟೆ ಹಿಡಿದು ಬಂದು ನಿಲ್ಲುತ್ತಿದ್ದರು. ಅವ್ವ ಒಬ್ಬೊಬ್ಬರಿಗೂ ಒಂದೊಂದು ಹೂ ಕೊಟ್ಟು, ಪೂಜೆಯಾದ ಮೇಲೆ ಕೈ ತೊಳೆಯಿರಿ ಎಂದು ತಪ್ಪದೆ ಹೇಳುವಳು. ಆಗಿನ ನಮ್ಮ ಮನೆಯ ಗದ್ದಲ ನೆನಪಾದರೆ ಈಗಲೂ ನನಗೆ ಶ್ರೀಗಂಧ ತೇಯ್ದ ವಾಸನೆ ಬರುತ್ತದೆ.

ಆ ಬಳ್ಳಿಯ ಮೈಯೆಲ್ಲ ವಿಷವೆಂದು ನಿಮಗೆ ಗೊತ್ತೇ ಇದೆ, ಗಡ್ಡೆಯಲ್ಲಂತೂ ಹೆಚ್ಚು. ಒಂದು ವೈಶಾಖದಲ್ಲಿ ಮಣ್ಣು ಬದಲಿಸಲೆಂದು ಅವ್ವ ಗಡ್ಡೆಗಳನ್ನು ಅಗೆದು ಕಟ್ಟೆಯ ಮೇಲಿಟ್ಟು, ಹೊಸ ಮಣ್ಣು ತರಲು ಒಳಗೆ ಹೋದಳು. ನನ್ನ ಅಕ್ಕ ಮಂದಾಕಿನಿಯ ಮಗಳು ಬನಶ್ರೀ ಆಗಿನ್ನೂ ನಾಲ್ಕರ ಕೂಸು. ಗೆಣಸೆಂದು ತಿಳಿದು ಒಂದು ತುಣುಕನ್ನು ಕಚ್ಚಿದಳು. ಸಂಜೆಯ ಹೊತ್ತಿಗೆ ವಾಂತಿ ಹಿಡಿದು ಕೂಸು ಬಾಡಿದ ಸೊಪ್ಪಿನಂತಾಯಿತು. ಆಸ್ಪತ್ರೆಯಲ್ಲಿ ಹಲವು ದಿನ ಅವಳು ಉಳಿಯುವಳೆಂದು ಯಾರೂ ಭರವಸೆ ಕೊಡಲಿಲ್ಲ. ಉಳಿದಳು. ಆದರೆ ಮನೆಗೆ ಬಂದ ಮೇಲೆ ತಲೆಗೂದಲೆಲ್ಲ ಹಿಡಿಹಿಡಿಯಾಗಿ ಉದುರಿತು. ಆ ಬೋಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಅವ್ವನಿಗೆ ಅಂದಳು:

"ಈ ಮನ್ಯಾಗ ಆ ಬಳ್ಳಿಯರ ಇರಬೇಕು, ಇಲ್ಲಾ ನನ್ನ ಮಗಳರ ಇರಬೇಕು."

ಅವ್ವ ಗಡ್ಡೆಗಳನ್ನು ಚೀಲಕ್ಕೆ ತುಂಬಿ ನೆರಳುಹೊತ್ತಿನಲ್ಲೇ ಹೊರಬಿದ್ದಳು. ಬಿಸಿಲಿಗೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂಡುವ ಹೊತ್ತಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಬರಿಗೈಯಲ್ಲಿ ಮರಳಿ, ನೀರು ಕುಡಿದು ಮಲಗಿದಳು. ಕಸದ ಗುಂಡಿಗೆ ಎಸೆದು ಬಂದಳೆಂದೇ ನಾವೆಲ್ಲ ತಿಳಿದೆವು. ಆ ವರ್ಷ ಗೌರಿಗೆ ಕಾಗದದ ಹೂ. ಹೆಂಗಸರು ಬರುವುದು ನಿಂತಿತು. ಅವ್ವ ಮಡಿಲಂಗಳದಲ್ಲಿ ಕೂಡುವುದನ್ನೂ ಬಿಟ್ಟಳು. ಅಕ್ಕ, ಅವ್ವ ಒಂದೇ ಮನೆಯಲ್ಲಿ ಉಂಡರು, ಮಲಗಿದರು. ಆದರೆ ಉಪ್ಪು ಕೊಡು, ನೀರು ಕೊಡು ಎನ್ನುವುದರಾಚೆಗೆ ಅವರ ನಡುವೆ ಮಾತು ಬೆಳೆಯಲಿಲ್ಲ. ಇಬ್ಬರಲ್ಲಿ ಯಾರ ತಪ್ಪೆಂದು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಬನಶ್ರೀ ಬೆಳೆದಳು. ಕೂದಲು ಮೊದಲಿಗಿಂತ ದಟ್ಟವಾಗಿ ಬಂತು. ಮದುವೆಯಾಗಿ, ಬಸುರಿಯಾಗಿ ತವರಿಗೆ ಬಂದ ವರ್ಷ ಅವ್ವನಿಗೆ ನಡೆಯುವುದೇ ಕಷ್ಟವಾಗಿತ್ತು. ಗೌರಿ ಹಬ್ಬದ ಹಿಂದಿನ ಮುಂಜಾನೆ ಅವ್ವ ಮೊಮ್ಮಗಳನ್ನು ಕರೆದು, ತನ್ನನ್ನು ಕೆಲಗೇರಿ ಕೆರೆಯವರೆಗೆ ಕರೆದೊಯ್ಯಬೇಕೆಂದಳು. ನಾನೂ ಜೊತೆಗೆ ಹೋದೆ. ಕೆರೆಯ ಆಚೆ ದಂಡೆಯಲ್ಲಿ, ಜನ ಸುಳಿಯದ ಕಡೆ, ಒಂದು ಹಳೆಯ ಜಾಲಿಮುಳ್ಳಿನ ಬೇಲಿ. ಅದರ ಉದ್ದಕ್ಕೂ ಗೌರಿ ಹೂ. ಮುಳ್ಳಿಗೆ ಎಲೆಬೆರಳು ಸುತ್ತಿ, ಕೆಂಪು ಹಳದಿ ಎರಡೂ ಒಟ್ಟಿಗೆ ಉರಿಯುತ್ತಿದ್ದವು. ಎಸೆದಳೆಂದು ನಾವು ತಿಳಿದ ಗಡ್ಡೆಗಳನ್ನು ಅವ್ವ ಅಲ್ಲಿ ಹೂತಿದ್ದಳು. ವರ್ಷವರ್ಷವೂ ಸಂತೆಯ ನೆಪ ಹೇಳಿ ಹೋಗಿ ನೋಡಿ ಬಂದಿದ್ದಳು. ಬನಶ್ರೀ, ತನ್ನನ್ನು ಕೊಲ್ಲಲಿದ್ದ ಹೂವು ಇದೇ ಏನು ಎಂದು ಮೆಲ್ಲಗೆ ಕೇಳಿದಳು.

ಅವ್ವ ಅವಳ ಕೈ ಹಿಡಿದುಕೊಂಡಳು. "ಸಾಯಸಾಕ ಮನಸ್ಸು ಬರಲಿಲ್ಲವ್ವಾ. ನೀ ಕೂಸು ಅಂತ ಅದಕ್ಕೇನು ಗೊತ್ತಿತ್ತು? ಗೊತ್ತಿದ್ದಾಕಿ ನಾ. ಗಡ್ಡಿ ಇಟ್ಟಲ್ಲಿಂದ ನಾ ಏಳಬಾರದಿತ್ತು."

ಮನೆಗೆ ಬಂದು ಬನಶ್ರೀ ಎಲ್ಲವನ್ನೂ ತನ್ನ ತಾಯಿಗೆ ಹೇಳಿದಳು. ಅಕ್ಕ ಕೇಳಿಸಿಕೊಂಡು ಒಳಗೆ ಹೋದಳು. ಆ ರಾತ್ರಿಯ ಊಟಕ್ಕೆ ಅವ್ವನ ತಾಟಿಗೆ ತಾನೇ ರೊಟ್ಟಿ ಹಾಕಿ, ಮುರಿದು, ಪಲ್ಯ ಕಲಸಿ ಕೊಟ್ಟಳು. ಅವ್ವ ಮಾಘದಲ್ಲಿ ತೀರಿಕೊಂಡಳು.

ಬೇಸಿಗೆ ಬಂದಾಗ ಬನಶ್ರೀ ಕೂಸನ್ನು ನನ್ನ ಕೈಗೆ ಕೊಟ್ಟು, ಕೆರೆದಂಡೆಗೆ ಹೋಗಿ ಒಂದು ಗಡ್ಡೆ ತಂದಳು. ತಾಯಿಯ ಮುಂದೆ ಹಿಡಿದು ನಿಂತು, ಹಚ್ಚಲೇ ಎಂದು ಕೇಳಿದಳು. ಅಕ್ಕ ಗಡ್ಡೆಯನ್ನು ನೋಡಿದಳು, ತೊಟ್ಟಿಲಲ್ಲಿದ್ದ ಮೊಮ್ಮಗನನ್ನು ನೋಡಿದಳು. ಆಮೇಲೆ ಅಂದಳು:

"ಮೊದಲ ಗ್ವಾಡಿ ಎತ್ತರ ಮಾಡ್ರಿ. ಆಮ್ಯಾಲೆ ಹಚ್ಚರಿ."

ಮಡಿಲಂಗಳದ ಗೋಡೆ ಎತ್ತರವಾಯಿತು. ಅದಕ್ಕೊಂದು ಬಾಗಿಲು ಬಂತು, ಬಾಗಿಲಿಗೆ ಬೀಗ. ಬೀಗದ ಕೈ ಅಕ್ಕನ ಸೊಂಟದಲ್ಲಿ. ಈ ಹೊತ್ತು ಮೊದಲ ಹೂ ಅರಳಿದೆ. ಅಕ್ಕ ಬಾಗಿಲು ತೆಗೆದು, ಒಳಗೆ ಹೋಗದೆ, ಹೊಸ್ತಿಲಲ್ಲೇ ಕೂತಿದ್ದಾಳೆ. ಪಕ್ಕದ ಮನೆಯಾಕೆ ತಟ್ಟೆ ತರಬಹುದೇ ಎಂದು ಕೇಳಿ ಹೋದಳು. ಅಕ್ಕ ನಾಳೆ ಬಾ ಎಂದಿದ್ದಾಳೆ.

ಹಿರಿಯವ್ವ, ಈ ಕಾಗದ ಮುಟ್ಟುವ ಹೊತ್ತಿಗೆ ನೀವು ಆ ಗಡ್ಡೆಯನ್ನು ಹಚ್ಚಿರುತ್ತೀರೋ, ಇನ್ನೂ ಹಚ್ಚಬೇಕೋ ನಾನು ಕಾಣೆ. ಹಚ್ಚಿರಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಇದು ಏನು, ಇದನ್ನು ಏಕೆ ಮುಟ್ಟಬಾರದು ಎಂದು ಹೇಳುತ್ತಾ ಹಚ್ಚಿರಿ. ಮಾರ್ಗಶಿರದಲ್ಲಿ ಬಳ್ಳಿ ಒಣಗಿ ಹೋದರೆ ಸತ್ತಿತೆಂದು ತಿಳಿದು ಅಗೆಯಬೇಡಿ, ಕೆಳಗೆ ಮಲಗಿರುತ್ತದೆ. ಇನ್ನೊಂದು ಮಾತು. ನಮ್ಮ ಮಣ್ಣು ಒಂದು ಗೇಣು ಆಳ, ಅದರ ಕೆಳಗೆ ಕಲ್ಲು. ನಿಮ್ಮ ಹಿತ್ತಲಲ್ಲಿ ಅಗೆದಷ್ಟೂ ಮಣ್ಣಂತೆ, ಕೆಳಗಿಳಿದಷ್ಟೂ ತಂಪಂತೆ. ಗುಂಡಿ ತೋಡಿದ ಮೇಲೆ, ಗಡ್ಡೆ ಇಡುವ ಮೊದಲು, ನಮ್ಮ ಹೆಸರಿನಲ್ಲಿ ಒಮ್ಮೆ ಮೊಳಕೈವರೆಗೂ ತೋಳಿಳಿಸಿ, ಸುಮ್ಮನೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ.

ಇತಿ, ನಿಮ್ಮ ಮಗಳು
ಇರಾವತಿ